ಬಚ್ಚಲ ನೀರಿನ ಸುಗಂಧಿ

ನಂಜನಗೂಡಿನ ಕಪಿಲೆಯ ದಂಡೆಯಿಂದ ತಿರುಮಕೂಡಲಿನ ಸಂಗಮದವರೆಗೂ ನಾಲೆ, ಗದ್ದೆಗಳ ಸೀಮೆ. ಹಿತ್ತಿಲಲ್ಲಿ ನೀರು ನಿಂತರೆ ಮಲ್ಲಿಗೆ ಬೇರು ಕೊಳೆತು ಸೊರಗುತ್ತದೆ. ಅಂಥ ಕಡೆ ಸುರುಳಿ ಸುಗಂಧಿಯನ್ನೇ ನೆಡಬೇಕು. ಶುಂಠಿಯ ಬಳಗದ್ದು; ಬಚ್ಚಲ ನೀರು ಹರಿಯುವಲ್ಲಿ ಒಂದು ಗೆಡ್ಡೆ ಹೂತರೆ ಸಾಕು, ವರ್ಷ ಕಳೆದಂತೆ ಪೊದೆಯಾಗುತ್ತದೆ. ಆಳೆತ್ತರದ ದಂಟು, ತುದಿಯಲ್ಲಿ ಹಸಿರು ತೆನೆ. ಮಳೆಗಾಲದ ಸಂಜೆ ಆ ತೆನೆಯ ಸಂದಿಯಿಂದ ಸುರುಳಿ ಬಿಚ್ಚಿಕೊಂಡು ಬಿಳಿ ಚಿಟ್ಟೆಯಂಥ ಹೂ ಹೊರಬರುತ್ತದೆ, ಘಮ ಬೀದಿವರೆಗೂ. ಒಂದು ಹೂ ಬೇಗ ಬಾಡುತ್ತದೆ ನಿಜ, ಆದರೆ ತೆನೆಯಲ್ಲಿ ಮೊಗ್ಗಿಗೆ ಬರವಿಲ್ಲ. ಹಿಮಾಲಯದ ಕಡೆಯ ಈ ಗಿಡ ಕ್ಯೂಬಾದ ರಾಷ್ಟ್ರೀಯ ಹೂವಂತೆ, ಇರಲಿ! ಪಕ್ಕದಲ್ಲಿ ಕೆಂಪು ಕಾಬಾಳೆ ಇದ್ದರೆ ಇನ್ನೂ ಚೆಂದ, ವಾಸನೆಯಿಲ್ಲದಿದ್ದರೇನು. ಹೂ ಮುಗಿದ ದಂಟನ್ನು ಬುಡಕ್ಕೆ ಕತ್ತರಿಸಿ. ಹೆಚ್ಚಾದ ಗೆಡ್ಡೆಯನ್ನು ನಾಲೆಗೆ ಮಾತ್ರ ಎಸೆಯಬೇಡಿ, ಅಲ್ಲೂ ಬೇರೂರಿಬಿಡುತ್ತದೆ.