ಲೆಕ್ಕಕ್ಕೆ ಸಿಗದವರ ಲೆಕ್ಕ

1997ರ ಕೊನೆಯ ತಿಂಗಳುಗಳಲ್ಲಿ ಇಂಡೋನೇಷ್ಯಾದ ಸುಮಾತ್ರಾ ಮತ್ತು ಕಾಲಿಮಂತಾನ್ ಹೊಗೆಯಲ್ಲಿ ಮುಳುಗಿದ್ದವು. ಆ ವರ್ಷ ಎಲ್ ನಿನೊ ಜೋರಾಗಿತ್ತು, ಮಳೆ ಕೈಕೊಟ್ಟಿತ್ತು. ತಾಳೆ ತೋಟಕ್ಕೋ ಕಾಗದದ ಮರದ ತೋಪಿಗೋ ಜಾಗ ಬೇಕೆಂದರೆ ಕಾಡು ಸವರಿ ಬೆಂಕಿ ಇಡುವುದು ಅಲ್ಲಿ ಅಗ್ಗದ ದಾರಿ. ಕೈಮೀರಿದ ಬೆಂಕಿ, ಸುಹಾರ್ತೊ ಸರ್ಕಾರ ಭತ್ತ ಬೆಳೆಯಲೆಂದು ಕಾಲುವೆ ತೋಡಿ ನೀರು ಬಸಿದಿದ್ದ ಜೌಗು ನೆಲಕ್ಕೂ ಇಳಿಯಿತು. ಸಾವಿರಾರು ವರ್ಷಗಳ ಎಲೆ, ಬೇರು, ಕಾಂಡ ಕೊಳೆತು ಆದ ಪೀಟ್ ಮಣ್ಣು ಅದು. ಒಣಗಿತೆಂದರೆ ನೆಲದಡಿಯಲ್ಲೇ ಉರಿಯುತ್ತಾ ಹೋಗುತ್ತದೆ. ಹೊಗೆ ಸಿಂಗಪುರ, ಮಲೇಷ್ಯಾಗಳಿಗೆ ಮುಟ್ಟಿದಾಗ ಜಗತ್ತಿಗೆಲ್ಲ ಸುದ್ದಿಯಾಯಿತು. ಎಷ್ಟು ಶಿಶುಗಳು ಸತ್ತವು ಎಂಬುದು ಮಾತ್ರ ಯಾವ ದಫ್ತರದಲ್ಲೂ ಇರಲಿಲ್ಲ. ಹುಟ್ಟು ಸಾವಿನ ನೋಂದಣಿಯೇ ಅರೆಬರೆಯಾಗಿರುವಾಗ, ಹುಟ್ಟುವ ಮೊದಲೇ ಹೋದ ಜೀವವನ್ನು ಬರೆದಿಡುವವರು ಯಾರು?

ಈಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿರುವ ಅರ್ಥಶಾಸ್ತ್ರಜ್ಞೆ ಸೀಮಾ ಜಯಚಂದ್ರನ್ 2009ರಲ್ಲಿ 'ಜರ್ನಲ್ ಆಫ್ ಹ್ಯೂಮನ್ ರಿಸೋರ್ಸಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆ ಸೊಗಸಾಗಿದೆ. ಸತ್ತವರ ಪಟ್ಟಿ ಇಲ್ಲದಿದ್ದರೇನು, ಬದುಕಿರುವವರ ಪಟ್ಟಿ ಇದೆಯಲ್ಲ! 2000ದ ಜನಗಣತಿಯಿಂದ, ಯಾವ ತಿಂಗಳು ಹುಟ್ಟಿದ ಮಕ್ಕಳು ಯಾವ ಉಪಜಿಲ್ಲೆಯಲ್ಲಿ ಎಷ್ಟಿದ್ದಾರೆ ಎಂದು ತೆಗೆಯಬಹುದು. ಓಝೋನ್ ಅಳೆಯಲೆಂದು ನಾಸಾ ಹಾರಿಸಿದ್ದ ಉಪಗ್ರಹ ಉಪಕರಣವೊಂದು ಗಾಳಿಯಲ್ಲಿನ ಹೊಗೆ, ದೂಳನ್ನೂ ದಾಖಲಿಸುತ್ತಿತ್ತು. ಅದರಿಂದ ಯಾವ ಊರಿನ ಮೇಲೆ ಯಾವಾಗ ಎಷ್ಟು ಹೊಗೆ ಕವಿದಿತ್ತು ಎಂಬುದು ಸಿಕ್ಕಿತು. ಹೊಗೆ ದಟ್ಟವಾಗಿದ್ದ ಕಡೆ, ಆ ತಿಂಗಳುಗಳ ಆಸುಪಾಸಿನಲ್ಲಿ ಹುಟ್ಟಿರಬೇಕಾದ ಮಕ್ಕಳು ಲೆಕ್ಕಕ್ಕೆ ಕಡಿಮೆ ಬಿದ್ದಿದ್ದರು. ಹೊಗೆ ಅಷ್ಟಾಗಿ ಮುಟ್ಟದ ಕಡೆ ಅಂಥ ಕುಸಿತವಿರಲಿಲ್ಲ. ಕೊರತೆ ಬಿದ್ದವರು ಸುಮಾರು 15,600 ಮಂದಿ, ಆ ತಿಂಗಳುಗಳ ಪೀಳಿಗೆಯಲ್ಲಿ ಶೇ 1.2ರಷ್ಟು.

ಇಂಥ ಲೆಕ್ಕ ಕಂಡಾಗ ಮೊದಲು ಏಳಬೇಕಾದದ್ದು ಅನುಮಾನ. ಅದೇ 1997ರಲ್ಲಿ ಇಂಡೋನೇಷ್ಯಾದ ನಾಣ್ಯ ರುಪಿಯಾ ನೆಲಕಚ್ಚಿತ್ತು. ಕೈಯಲ್ಲಿ ಕಾಸಿಲ್ಲದೆ ಜನ ಮಕ್ಕಳು ಬೇಡವೆಂದುಕೊಂಡಿರಬಹುದಲ್ಲ? ಇಲ್ಲಿ ಪ್ರಬಂಧದ ಕಟ್ಟು ಗಟ್ಟಿಯಾಗಿದೆ. ಹೆಚ್ಚು ಪೆಟ್ಟು ತಿಂದದ್ದು ತುಂಬು ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೊಗೆ ಕುಡಿದ ತಾಯಂದಿರ ಕೂಸುಗಳು. ಆ ಬಸಿರುಗಳು ನಿಂತದ್ದು ವರ್ಷದ ಮೊದಲ ತಿಂಗಳುಗಳಲ್ಲಿ, ಬೆಂಕಿಯೂ ಇಲ್ಲದ, ರುಪಿಯಾವೂ ಕುಸಿಯದ ಕಾಲದಲ್ಲಿ. ಅಲ್ಲದೆ ಹಣದ ಬಿಕ್ಕಟ್ಟು ಹೆಚ್ಚು ಕಾಡಿದ್ದು ಜಾವಾದ ನಗರಗಳನ್ನು, ಹೊಗೆ ಕಾಡಿದ್ದು ಬೇರೆ ದ್ವೀಪಗಳನ್ನು. ಬರಗಾಲದ ಪ್ರಶ್ನೆ ಇಷ್ಟು ಸಲೀಸಲ್ಲ. ಬೆಂಕಿಗೆ ಕಾರಣವಾದ ಎಲ್ ನಿನೊವೇ ಗದ್ದೆಯನ್ನೂ ಒಣಗಿಸಿತ್ತು. ಮಳೆಯ ಅಂಕಿಯನ್ನು ಲೆಕ್ಕದೊಳಗೆ ಸೇರಿಸಿ ನೋಡಬಹುದು, ಆದರೆ ಬಸುರಿಯ ತಟ್ಟೆಯಲ್ಲಿ ಅನ್ನ ಎಷ್ಟು ಕಡಿಮೆಯಾಯಿತು ಎಂಬುದನ್ನು ಯಾವ ಮಳೆಮಾಪಕವೂ ಹೇಳದು. ಆದರೂ ಹೊಗೆಯೇ ಮುಖ್ಯ ಅಪರಾಧಿ ಎಂಬ ತೀರ್ಮಾನ ನನಗೆ ಒಪ್ಪಿಗೆ. 15,600 ಎಂಬ ಅಂಕಿಯನ್ನು ಮಾತ್ರ ಸುಮಾರು ಎಂಬ ಮಾತು ಬಿಟ್ಟು ಎಲ್ಲೂ ಹೇಳಬಾರದು.

ಪ್ರಬಂಧದ ನಿಜವಾದ ತೂಕ ಈ ಅಂಕಿಯಲ್ಲಿ ಇಲ್ಲ. ಅದೇ ಹೊಗೆ ಬಡ ಪ್ರದೇಶಗಳಲ್ಲಿ ಹೆಚ್ಚು ಮಕ್ಕಳನ್ನು ಕೊಂದಿತು ಎಂದು ತೋರಿಸಿದ ಕಡೆ ಅದಿದೆ. ಗಾಳಿ ಎಲ್ಲರಿಗೂ ಒಂದೇ ಎನ್ನುತ್ತೇವೆ. ಅಡುಗೆ ಸೌದೆ ಒಲೆಯಲ್ಲಾದರೆ, ಆಸ್ಪತ್ರೆ ದೂರವಿದ್ದರೆ, ಮೈಯಲ್ಲಿ ಕಸುವು ಮೊದಲೇ ಕಡಿಮೆಯಿದ್ದರೆ ಒಂದೇ ಗಾಳಿ ಬೇರೆ ಬೇರೆ ಕೆಲಸ ಮಾಡುತ್ತದೆ. ಇಲ್ಲಿ ಇನ್ನೂ ಆಳಕ್ಕೆ ಇಳಿಯಬೇಕಿತ್ತು ಅನ್ನಿಸುತ್ತದೆ. ಜನಗಣತಿಗೆ ಕಣ್ಣಿರುವುದು ಅಷ್ಟೇ: ಬಸಿರಲ್ಲೇ ಹೋದ ಕೂಸು, ಹುಟ್ಟಿದ ವಾರಕ್ಕೆ ಹೋದ ಕೂಸು, ವರ್ಷ ತುಂಬಿ ಕೆಮ್ಮಿ ಹೋದ ಕೂಸು, ಮೂರೂ ಅದಕ್ಕೆ ಒಂದೇ. ಯಾವ ಹಂತದಲ್ಲಿ ಯಾರು ಏನು ಮಾಡಿದ್ದರೆ ಉಳಿಯುತ್ತಿದ್ದವು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಬದಲಿಗೆ ಕೊನೆಯಲ್ಲಿ ಡಾಲರ್ ಲೆಕ್ಕ ಬರುತ್ತದೆ: ಒಂದು ಜೀವಕ್ಕೆ 10 ಲಕ್ಷ ಡಾಲರ್ ಹಿಡಿದರೆ ನಷ್ಟ 1,500 ಕೋಟಿ ಡಾಲರ್ ದಾಟುತ್ತದೆಂದು. ಮಂತ್ರಿಗಳಿಗೆ ಅರ್ಥವಾಗುವ ಭಾಷೆ ಅದು ಇರಬಹುದು. ಆದರೆ ತಾಳೆ ಎಣ್ಣೆಯ ಲಾಭ ಹೋದದ್ದು ಯಾರ ಜೇಬಿಗೆ, ಸಾವು ಬಂದದ್ದು ಯಾರ ಮನೆಗೆ ಎಂಬುದನ್ನು ಒಂದೇ ತಕ್ಕಡಿಗೆ ಹಾಕಿದ ಕೂಡಲೇ ಅನ್ಯಾಯ ಬರೀ ನಷ್ಟವಾಗಿ ಕಾಣತೊಡಗುತ್ತದೆ. ಆ ಎಣ್ಣೆಯ ದೊಡ್ಡ ಗಿರಾಕಿ ಭಾರತ. ನಮ್ಮ ಬಜ್ಜಿ ಬೋಂಡಾದ ಬಾಣಲೆಗೂ ಇದು ಸಂಬಂಧಪಟ್ಟ ಮಾತು.

ಬದುಕಿ ಉಳಿದವರು ಈ ಪ್ರಬಂಧದ ಹೊರಗೇ ಉಳಿದರು. ಆ ಜಾಗವನ್ನು ಸ್ವಲ್ಪ ತುಂಬಿದ್ದು ಜೀ-ಶೆಂಗ್ ತಾನ್-ಸೂ ಮತ್ತು ಸುಭ್ರೇಂದು ಪಟ್ನಾಯಕ್ 2019ರಲ್ಲಿ ಪ್ರಕಟಿಸಿದ ಅಧ್ಯಯನ. 1997ರ ಹೊಗೆಯಲ್ಲಿ ಬಸಿರಲ್ಲಿದ್ದವರು 17ರ ವಯಸ್ಸಿಗೆ ಸುಮಾರು 3.4 ಸೆಂಟಿಮೀಟರ್ ಗಿಡ್ಡವಾಗಿದ್ದರು ಎಂದು ಅದು ಹೇಳುತ್ತದೆ. ದುರ್ಬಲ ಕೂಸುಗಳು ಮೊದಲೇ ಹೋಗಿದ್ದರೆ, ಇದು ಗಟ್ಟಿಗರಲ್ಲೇ ಕಂಡ ಕುಗ್ಗು. ನಿಜವಾದ ಹಾನಿ ಇನ್ನೂ ಹೆಚ್ಚೇ ಇರಬೇಕು.

ಜಯಚಂದ್ರನ್ ಅವರನ್ನು ಉದ್ಧರಿಸುವವರ ಬಗ್ಗೆ ನನ್ನ ತಕರಾರು ಬೇರೆ. ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವ ಹೊಗೆಯನ್ನಷ್ಟೇ ಈ ವಿಧಾನ ಹಿಡಿಯಬಲ್ಲದು. ವರ್ಷವಿಡೀ ಒಂದೇ ಸಮ ಇರುವ ಹೊಗೆಗೆ ಹೋಲಿಸಿ ನೋಡಲು ಹೊಗೆಯಿಲ್ಲದ ತಿಂಗಳೇ ಇರುವುದಿಲ್ಲ. ಆದರೂ ಒಲೆಯ ಹೊಗೆಯಿಂದ ಹಿಡಿದು ದಿಲ್ಲಿಯ ಚಳಿಗಾಲದವರೆಗೆ ಎಲ್ಲದಕ್ಕೂ ಈ ಪ್ರಬಂಧವನ್ನೇ ಮುಂದಿಡುವವರಿದ್ದಾರೆ. ಒಲೆಯ ಹೊಗೆಯನ್ನೇ ನೋಡಿ: ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ ಸುಮಾರು 3,200 ಬಸುರಿಯರನ್ನು ಒಳಗೊಂಡ ಹಾಪಿನ್ ಎಂಬ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಗ್ಯಾಸ್ ಒಲೆ, ಸಿಲಿಂಡರ್ ಎರಡನ್ನೂ ಕೊಟ್ಟರು. ಅಡುಗೆಮನೆಯ ಹೊಗೆ ಇಳಿಯಿತು, ಹುಟ್ಟಿದ ಮಕ್ಕಳ ತೂಕ ಮಾತ್ರ ಹೇಳಿಕೊಳ್ಳುವಷ್ಟು ಏರಲಿಲ್ಲ. 2022ರಲ್ಲಿ ಈ ಫಲಿತಾಂಶ ಬಂತು. ಒಲೆ ಬಂದದ್ದು ಬಸಿರು ನಿಂತು ಕೆಲವು ತಿಂಗಳಾದ ಮೇಲೆ, ಅಷ್ಟರಲ್ಲಿ ತಡವಾಗಿತ್ತೋ, ಬೀದಿಯ ಗಾಳಿಯೇ ಸಾಕಷ್ಟು ಕೆಟ್ಟಿತ್ತೋ, ವಾದ ನಡೆದಿದೆ. ಕಾಲಿಮಂತಾನ್‌ನ ಆ ತಿಂಗಳುಗಳ ಅಂಕಿಯಿಂದ ಈ ವಾದ ತೀರುವುದಿಲ್ಲ.