ಕಿರುಹಳ್ಳಗಳ ಜಲಾನಯನದಲ್ಲಿ ಶಿಲಾಶಿಥಿಲತೆ: ಒಂದು ವಿಮರ್ಶೆ

ಮಳೆಯ ನೀರು ಮಣ್ಣಿನೊಳಗಿನ ಕಾರ್ಬನ್ ಡೈ ಆಕ್ಸೈಡನ್ನು ಹೀರಿ, ಆಮ್ಲಗುಣ ಪಡೆದು, ಶಿಲೆಯನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಹೀಗೆ ಬಂಧಿತವಾದ ವಾಯುವು ಬೈಕಾರ್ಬೊನೇಟಿನ ರೂಪದಲ್ಲಿ ಕಡಲಿನತ್ತ ಸಾಗುತ್ತದೆ. ಈ ಕ್ರಿಯೆಯನ್ನು ಕಿರುಜಲಾನಯನದಲ್ಲಿ ಅಳೆದ ಪ್ರಯತ್ನಗಳ ಪೈಕಿ ನಮ್ಮ ನಾಡಿಗೆ ಮುಖ್ಯವಾದುದು ಬಂಡೀಪುರದ ಕಾಡಿನ ಮೂಲೆಹೊಳೆಯದು. ಜಾನ್ ಜಾಕ್ ಬ್ರಾನ್ ಮತ್ತು ಸಂಗಡಿಗರು ಅದನ್ನು ಕುರಿತು 2009ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಲ್ಲಿ ಇತಿಹಾಸದ ಕಡೆಯಿಂದ ಪರಿಶೀಲಿಸಿದ್ದೇವೆ.

ಸುಮಾರು 4 ಚದರ ಕಿಲೋಮೀಟರಿನ ಈ ನೈಸ್ ಶಿಲೆಯ ಪ್ರದೇಶದಲ್ಲಿ ಹಳ್ಳವು ವರ್ಷವಿಡೀ ಹರಿಯುವುದಿಲ್ಲ. ಅಂತರ್ಜಲವು ಹಳ್ಳದ ತಳಕ್ಕಿಂತ ಬಹು ಕೆಳಗಿದೆ. ಆದಕಾರಣ ಹಳ್ಳದ ಬಾಯಲ್ಲಿ ಮಾತ್ರ ಅಳೆದರೆ ಕರಗಿದ ಲವಣಗಳ ಲೆಕ್ಕ ಸಿಕ್ಕುವುದಿಲ್ಲ. ನೆಲದಡಿಯ ಹರಿವನ್ನೂ ಗಣನೆಗೆ ತಂದುದು ಪ್ರಬಂಧದ ನಿಜವಾದ ಹಿರಿಮೆ.

ಆದರೆ ಇದರ ಅಂಕಿಗಳನ್ನು ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಸುತ್ತಿನ ತೆಂಗಿನ ಸೀಮೆಗೆ ಅನ್ವಯಿಸಬಹುದೆ? ಎರಡೂ ಕಡೆ ನೈಸ್ ಶಿಲೆಯಿರುವುದರಿಂದ ಹಾಗೆ ಮಾಡಲು ಮನಸ್ಸಾಗುವುದು ಸಹಜ. ನಾವು ಒಪ್ಪಲಾರೆವು. ಶಿಥಿಲಪದರದ ಲೆಕ್ಕವು ಸಾವಿರಾರು ಶತಮಾನಗಳ ಸರಾಸರಿ. ನೀರಿನ ಲೆಕ್ಕವು ಕೆಲವೇ ವರ್ಷಗಳದು. ಇವೆರಡರ ನಡುವೆ ಕೆರೆಕಟ್ಟೆಗಳ ಕಾಲವೆಲ್ಲ ಜಾರಿಹೋಗುತ್ತದೆ. ಕಾಡಿಗೆ ಇದು ದೊಡ್ಡ ಕೊರತೆಯಲ್ಲ. ಊರ ಹೆಸರಿನಲ್ಲಿಯೇ ಕೆರೆಯಿರುವ ತಾಲ್ಲೂಕಿಗೆ ಕೊರತೆಯೇ ಸರಿ. (ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು ಭೂವಿಜ್ಞಾನಿಗಳೂ ತೆರೆದು ನೋಡಬಾರದೇಕೆ?)

ಕೆರೆಯು ನೀರನ್ನು ತಡೆದು ಇಂಗಿಸುತ್ತದೆ, ಹೂಳನ್ನು ಹಿಡಿದಿಡುತ್ತದೆ. ತೋಟಗಾರನು ಕೊಳವೆಬಾವಿಯಿಂದ ಎತ್ತಿದ ನೀರು ತೆಂಗಿನ ಬುಡದಲ್ಲಿ ಆರಿಹೋದಾಗ ಅದರಲ್ಲಿ ಕರಗಿದ್ದ ಸುಣ್ಣವು ಮಣ್ಣಿನಲ್ಲಿಯೇ ಗಟ್ಟಿಯಾಗಬಹುದು. ಸಿಲಿಕೇಟು ಶಿಲೆಯಿಂದ ಕ್ಯಾಲ್ಸಿಯಮಿನ ಒಂದು ಅಣು ಬಿಡುಗಡೆಯಾಗಲು ವಾಯುವಿನ ಎರಡು ಅಣುಗಳು ವ್ಯಯವಾಗುತ್ತವೆ. ಸುಣ್ಣ ಗಟ್ಟಿಯಾದಾಗ ಅವುಗಳಲ್ಲಿ ಒಂದು ಮರಳಿ ಹೊರಬೀಳುತ್ತದೆ. ಅಂದರೆ ಉಳಿತಾಯವು ಅರ್ಧಕ್ಕೆ ಇಳಿಯುತ್ತದೆ. ಸುಣ್ಣಕಲ್ಲಿನಿಂದಲೇ ಕರಗಿ ಬಂದ ಸುಣ್ಣವಾದರೆ ಉಳಿತಾಯವೇ ಇಲ್ಲ.

ಇನ್ನೂ ದೊಡ್ಡ ತೊಡಕು ನಾಲೆಯದು. ಗೊರೂರಿನ ಜಲಾಶಯದಿಂದ ಹೇಮಾವತಿಯ ನೀರು ತುಮಕೂರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಲವಣಗಳು ಪಶ್ಚಿಮಘಟ್ಟದ ಕಡೆಯ ಶಿಲೆಗಳಿಂದ ಬಂದವು. ಇಲ್ಲಿಯ ಹಳ್ಳದಲ್ಲಿ ಅವನ್ನು ಅಳೆದು ಇಲ್ಲಿಯ ಶಿಲೆಯ ಗಳಿಕೆಯೆನ್ನುವುದು ನೆರೆಯವನ ಫಸಲನ್ನು ನಮ್ಮ ಕಣಜಕ್ಕೆ ಸೇರಿಸಿದಂತೆ.

ಕಲ್ಲಿನ ಪುಡಿಯನ್ನು ಹೊಲಗಳಿಗೆ ಹರಡಿ, ಹೀರಿದ ವಾಯುವಿಗೆ ಬೆಲೆ ಕಟ್ಟುವ ಯೋಜನೆಗಳು ಈಗ ಭಾರತಕ್ಕೂ ಬಂದಿವೆ. ತೆಂಗಿನ ಸೀಮೆಯಲ್ಲಿ ಅಂಥ ಬೆಲೆ ಕಟ್ಟುವ ಮುನ್ನ ನಾಲೆಯ ನೀರು, ಕೆರೆಯ ನೀರು, ಬಾವಿಯ ನೀರು ಮೂರನ್ನೂ ಬೇರೆಬೇರೆಯಾಗಿ, ಮುಂಗಾರಿನ ಮೊದಲೂ ಅನಂತರವೂ ಅಳೆಯಬೇಕು. ತೋಟದ ಮಣ್ಣಿನ ಸುಣ್ಣವನ್ನೂ ತೂಗಬೇಕು.