ಗೆಳೆಯರ ಮನೆಗೊಂದು ಆ್ಯಪ್

ಪುಣೆಯಿಂದ ಬೆಂಗಳೂರಿಗೆ ಕಾರಿನಲ್ಲಿ 800 ಕಿಲೋಮೀಟರಿಗೂ ಹೆಚ್ಚು. ದಾರಿಯುದ್ದಕ್ಕೂ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ನಮಗೆ ಗೆಳೆಯರ ಮನೆಗಳಿವೆ. ಗೂಗಲ್ ಮ್ಯಾಪ್ಸ್ ಪೆಟ್ರೋಲ್ ಬಂಕು ತೋರಿಸುತ್ತೆ, ಯಾರ ಮನೆಯಲ್ಲಿ ಉಳಿಯಬಹುದು ಅನ್ನೋದನ್ನಲ್ಲ. ಅದಕ್ಕೊಂದು ಆ್ಯಪ್ ಮಾಡೋಣ ಅಂತ ಇಲ್ಲಿನ ಸಾಫ್ಟ್‌ವೇರ್ ಹುಡುಗರು ಹೇಳುವುದುಂಟು.

2004ರಲ್ಲಿ ಶುರುವಾದ ಕೌಚ್‌ಸರ್ಫಿಂಗ್ ಅಪರಿಚಿತರ ಮನೆಯಲ್ಲಿ ಪುಕ್ಕಟೆ ತಂಗುವ ಏರ್ಪಾಡು ಮಾಡಿತು. 2020ರಲ್ಲಿ ಸದಸ್ಯತ್ವಕ್ಕೆ ಹಣ ಕೇಳತೊಡಗಿತು. ಅದರಲ್ಲಿ ನಾನು ಮೆಚ್ಚುವುದು ಒಂದನ್ನು: ಅತಿಥಿಗಳು ಬರಬಹುದೋ ಬೇಡವೋ ಎಂದು ಮನೆಯವರೇ ಮೊದಲು ಗುರುತು ಹಾಕಿರುತ್ತಾರೆ.

ನಮ್ಮ ಹುಡುಗರ ಆ್ಯಪ್‌ನಲ್ಲಿ ಇದೇ ಇಲ್ಲ. ‘ಬರಲಾ?’ ಅಂತ ಕೇಳುವ ಬಟನ್ ಮಾತ್ರ ಇದೆ. ಆದರೆ ಗೆಳೆಯ ಕೇಳಿದ ಮೇಲೆ ‘ಬೇಡ’ ಅನ್ನೋಕೆ ನಮ್ಮಲ್ಲಿ ಬಾಯಿ ಬರುತ್ತದೆಯೆ? ಮಗಳ ಪರೀಕ್ಷೆಯಿರಲಿ, ಅತ್ತೆಗೆ ಜ್ವರವಿರಲಿ, ‘ಬನ್ನಿ ಬನ್ನಿ’ ಅಂತಾರೆ. ರಾತ್ರಿ ಹತ್ತಕ್ಕೆ ಅನ್ನಕ್ಕಿಡುವಾಕೆ ಮನೆಯೊಡತಿ.

ಗಂಡಹೆಂಡತಿ ಇಬ್ಬರೂ ಒಪ್ಪಿ ದಿನ ಗುರುತಿಸಿದ್ದರೆ ಮಾತ್ರ ಆ ಮನೆ ನನ್ನ ನಕ್ಷೆಯಲ್ಲಿ ಕಾಣಲಿ. ಇಲ್ಲವೆ, ನಾನು ಲಾಡ್ಜ್ ನೋಡ್ಕೊಳ್ತೀನಿ; ಯಾರಿಗೂ ಕಸಿವಿಸಿಯಿಲ್ಲ. ಹೊರನಾಡಿನವರಿಗೆ ಊರ ಕಡೆ ಉಳಿದ ಆಸ್ತಿಯೇ ಇಂಥ ನಾಲ್ಕಾರು ಮನೆ. ದಾಕ್ಷಿಣ್ಯಕ್ಕೆ ಬಾಗಿಲು ತೆಗೆಸುತ್ತಾ ಹೋದರೆ ಅವೂ ಒಂದೊಂದಾಗಿ ಕೈತಪ್ಪಿಹೋಗುತ್ತವೆ.